ಗೆದ್ದ ಪಂದ್ಯವನ್ನು ಬಿಡಿಸಿ ನೋಡುವ ಬಗೆ: ಮಲೆನಾಡಿನ ಫುಟ್‌ಬಾಲ್ ತಂಡಗಳಿಗೆ ಒಂದು ಕೈಪಿಡಿ

ಸೋತ ಪಂದ್ಯದ ಬಗ್ಗೆ ನಮ್ಮ ತಂಡಗಳಲ್ಲಿ ವಾರವಿಡೀ ಚರ್ಚೆ ನಡೆಯುತ್ತದೆ. ಗೆದ್ದ ಪಂದ್ಯಕ್ಕೆ ಆ ಭಾಗ್ಯವಿಲ್ಲ. ಕಪ್ ಹಿಡಿದು ಫೋಟೋ ತೆಗೆಸಿಕೊಂಡು, ಊಟ ಮುಗಿಸಿ, ಸಾಗರಕ್ಕೋ ತೀರ್ಥಹಳ್ಳಿಗೋ ಹಿಂದಿರುಗುವ ಬಸ್ಸು ಹತ್ತುವ ಹೊತ್ತಿಗೆ ‘ಇವತ್ತು ಹುಡುಗರು ಚೆನ್ನಾಗಿ ಆಡಿದರು’ ಎಂಬ ಒಂದೇ ಮಾತಿನಲ್ಲಿ ಅದರ ವಿಮರ್ಶೆ ಮುಗಿದಿರುತ್ತದೆ. ಆದರೆ ಫುಟ್‌ಬಾಲ್‌ನಲ್ಲಿ ಗೋಲುಗಳು ಅಪರೂಪ. ಒಂದು ಕಾರ್ನರ್‌ನಿಂದಲೋ ಗೋಲ್‌ಕೀಪರ್‌ನ ಕೈಜಾರಿದ ಚೆಂಡಿನಿಂದಲೋ ಇಡೀ ದಿನದ ಫಲಿತಾಂಶ ತೀರ್ಮಾನವಾಗಿಬಿಡುವ ಈ ಆಟದಲ್ಲಿ ಅಂಕಪಟ್ಟಿಯೊಂದನ್ನೇ ನೋಡಿ ತಂಡದ ಯೋಗ್ಯತೆಯನ್ನು ಅಳೆಯಲಾಗದು. ಆದ್ದರಿಂದ ಗೆಲುವನ್ನು ವಿಶ್ಲೇಷಿಸಲು ಕುಳಿತವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಗೆಲುವಿನಲ್ಲಿ ಮುಂದಿನ ಪಂದ್ಯಕ್ಕೂ ನಮ್ಮ ಜೊತೆ ಬರುವಂಥದ್ದು ಯಾವುದು, ಇವತ್ತಿಗೆ ಮಾತ್ರ ಒದಗಿಬಂದದ್ದು ಯಾವುದು?

2022ರ ವಿಶ್ವಕಪ್‌ನ ಒಂದು ಪಂದ್ಯವನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ನವೆಂಬರ್ 22ರಂದು ಸೌದಿ ಅರೇಬಿಯಾ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು. ಅಂದು ಸೌದಿ ತಂಡದ ರಕ್ಷಣಾ ಸಾಲು ತನ್ನ ಗೋಲಿನಿಂದ ಬಹಳ ಮುಂದೆ, ಮೈದಾನದ ನಡುಗೆರೆಯ ಹತ್ತಿರಕ್ಕೇ ಬಂದು ನಿಂತಿತ್ತು; ಆ ಸಾಲನ್ನು ದಾಟಲು ಹೋದ ಅರ್ಜೆಂಟೀನಾ ಆಟಗಾರರು ಮತ್ತೆ ಮತ್ತೆ ಆಫ್‌ಸೈಡ್ ಆದರು (ಅಂದರೆ ಪಾಸ್ ಹೊರಡುವ ಕ್ಷಣದಲ್ಲೇ ರಕ್ಷಣಾ ಸಾಲಿಗಿಂತ ಮುಂದೆ ನಿಂತಿದ್ದರು), ಮೊದಲರ್ಧದಲ್ಲಿಯೇ ಅವರ ಮೂರು ಗೋಲುಗಳು ಇದೇ ಕಾರಣಕ್ಕೆ ರದ್ದಾದವು. ಇದು ತಂಡವು ಯೋಚಿಸಿ, ಅಭ್ಯಾಸ ಮಾಡಿ, ಧೈರ್ಯದಿಂದ ಜಾರಿಗೆ ತಂದ ತಂತ್ರ. ಆದರೆ ಅದೇ ಪಂದ್ಯದಲ್ಲಿ ಸೌದಿ ತಂಡ ಗೋಲಿನತ್ತ ಹೊಡೆದದ್ದು ಮೂರೇ ಶಾಟ್. ಅವುಗಳಲ್ಲಿ ಎರಡು, ದ್ವಿತೀಯಾರ್ಧದ ಆರಂಭದ ಐದಾರು ನಿಮಿಷಗಳ ಅಂತರದಲ್ಲಿ, ಗೋಲಾದವು. ಮೂರಕ್ಕೆ ಎರಡು ಎಂಬ ಈ ಲೆಕ್ಕ ಯಾವ ತಂಡಕ್ಕೂ ಪ್ರತಿ ವಾರ ಒಲಿಯುವಂಥದ್ದಲ್ಲ. ಮುಂದಿನ ಎರಡು ಪಂದ್ಯಗಳಲ್ಲಿ ಸೌದಿ ತಂಡ ಪೋಲೆಂಡ್ ಮತ್ತು ಮೆಕ್ಸಿಕೊಗಳಿಗೆ ಸೋತು ಹೊರಬಿದ್ದಿತು, ಅರ್ಜೆಂಟೀನಾ ಕಪ್ಪನ್ನೇ ಗೆದ್ದಿತು. ಆ ಗೆಲುವು ಇದರಿಂದ ಚಿಕ್ಕದಾಗುವುದಿಲ್ಲ. ಆದರೆ ಅದನ್ನು ವಿಶ್ಲೇಷಿಸುವವರು ರಕ್ಷಣಾ ಸಾಲಿನ ಶಿಸ್ತನ್ನು ಒಂದು ಕಡೆಗೂ ಆ ಎರಡು ಶಾಟ್‌ಗಳನ್ನು ಇನ್ನೊಂದು ಕಡೆಗೂ ಇಟ್ಟು ನೋಡಬೇಕಾಗುತ್ತದೆ.

ಪಂದ್ಯಕ್ಕೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ದೊಡ್ಡ ಕ್ಲಬ್‌ಗಳಲ್ಲಿರುವ ಕ್ಯಾಮೆರಾ ವ್ಯವಸ್ಥೆಯಾಗಲಿ ತಂತ್ರಾಂಶವಾಗಲಿ ಈ ಕೆಲಸಕ್ಕೆ ಅನಿವಾರ್ಯವಲ್ಲ. ಒಂದು ಮೊಬೈಲ್, ಒಂದು ನೋಟ್‌ಬುಕ್, ಪಂದ್ಯದುದ್ದಕ್ಕೂ ಆಟದ ಮೋಹಕ್ಕೆ ಸಿಲುಕದೆ ಗುರುತು ಹಾಕಬಲ್ಲ ಇಬ್ಬರು ಇದ್ದರೆ ಸಾಕು. ಇಬ್ಬರೂ ಒಂದೇ ತಂಡವನ್ನು ನೋಡಬಾರದು. ಒಬ್ಬರು ನಮ್ಮ ತಂಡದ ಆಟವನ್ನೂ ಇನ್ನೊಬ್ಬರು ಎದುರಾಳಿಯ ಆಟವನ್ನೂ ದಾಖಲಿಸಬೇಕು. ಎದುರಾಳಿಯ ಲೆಕ್ಕವಿಲ್ಲದ ವಿಶ್ಲೇಷಣೆ ಅರ್ಧ ಪಂದ್ಯದ ವಿಶ್ಲೇಷಣೆ ಮಾತ್ರ. ಗಾಯಗೊಂಡು ಹೊರಗುಳಿದ ಆಟಗಾರರು ಈ ಕೆಲಸಕ್ಕೆ ಬಹಳ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಅವರಿಗೆ ಆಟ ಗೊತ್ತು, ಸಹ ಆಟಗಾರರ ಸ್ವಭಾವ ಗೊತ್ತು, ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವ ಬೇಸರವೂ ತಪ್ಪುತ್ತದೆ.

ಮೊಬೈಲನ್ನು ಗೆರೆಯ ಪಕ್ಕದಲ್ಲಿ ನಿಂತು ಹಿಡಿದರೆ ಚೆಂಡಿನ ಹತ್ತಿರವಿರುವ ನಾಲ್ಕೈದು ಮಂದಿಯಷ್ಟೇ ಕಾಣುತ್ತಾರೆ; ಎರಡು ಸಾಲುಗಳ ನಡುವಿನ ಅಂತರ ಕಾಣುವುದಿಲ್ಲ. ತಂತ್ರವನ್ನು ನೋಡಬೇಕಾದರೆ ಎತ್ತರ ಬೇಕು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಂಥ ಕಡೆ ಗ್ಯಾಲರಿಯ ಮೇಲಿನ ಮೆಟ್ಟಿಲನ್ನು ಬಳಸಬಹುದು. ತಾಲ್ಲೂಕು ಕೇಂದ್ರಗಳ ಕಾಲೇಜು ಮೈದಾನಗಳಲ್ಲಿ ಪಕ್ಕದ ಕಟ್ಟಡದ ಮೊದಲ ಮಹಡಿಯ ಜಗಲಿಯೋ ಟೆರೇಸೋ ಸಾಮಾನ್ಯವಾಗಿ ಸಿಗುತ್ತದೆ, ಮುಂಚಿತವಾಗಿ ಪ್ರಾಂಶುಪಾಲರ ಅನುಮತಿ ಕೇಳಿದರಾಯಿತು. ನಮ್ಮ ಕಡೆಯ ಗುಡ್ಡದ ಇಳಿಜಾರುಗಳೂ ಇದಕ್ಕೆ ಅನುಕೂಲವೇ. ಮಧ್ಯರೇಖೆಯ ನೇರಕ್ಕೆ ನಿಂತು, ಮೊಬೈಲನ್ನು ಅಡ್ಡಲಾಗಿ ಹಿಡಿದು, ಚೆಂಡಿನ ಹಿಂದೆ ಓಡದೆ ಎರಡೂ ತಂಡಗಳ ಹೆಚ್ಚಿನ ಆಟಗಾರರು ಚೌಕಟ್ಟಿನಲ್ಲಿರುವಂತೆ ಚಿತ್ರೀಕರಿಸಬೇಕು. ಆರಿದ್ರಾ, ಪುನರ್ವಸು ಮಳೆಗಳ ದಿನಗಳಲ್ಲಿ ಕೊಡೆ ಹಿಡಿಯಲು ಒಬ್ಬರು, ಮೊಬೈಲಿಗೆ ಹೊದಿಸಲು ಪಾರದರ್ಶಕ ಪ್ಲಾಸ್ಟಿಕ್ ಚೀಲ ಮತ್ತು ಬರೆಯಲು ಪೆನ್ಸಿಲ್ ಇರಲೇಬೇಕು. ಪೆನ್ನಿನ ಶಾಯಿ ಒಂದೇ ಹನಿಗೆ ಕದಡಿಹೋಗುತ್ತದೆ.

ಮೈದಾನದ ಅಳತೆಯನ್ನು ಹೆಜ್ಜೆ ಹಾಕಿಯಾದರೂ ತಿಳಿದುಕೊಳ್ಳುವುದು ಒಳ್ಳೆಯದು. ದೊಡ್ಡ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ, ಆದರೆ ನಿಯಮವು ಉದ್ದವನ್ನು 90ರಿಂದ 120 ಮೀಟರ್‌ವರೆಗೆ, ಅಗಲವನ್ನು 45ರಿಂದ 90 ಮೀಟರ್‌ವರೆಗೆ ಒಪ್ಪುತ್ತದೆ. ಅಗಲ ಕಿರಿದಾದ ಮೈದಾನದಲ್ಲಿ ಅಂಚಿನಿಂದ ನಡೆಸುವ ದಾಳಿಗೆ ಜಾಗ ಕಡಿಮೆ, ಥ್ರೋ-ಇನ್‌ಗಳೂ ಅಪಾಯಕಾರಿ; ಅಲ್ಲಿ ಗೆದ್ದ ರೀತಿಯನ್ನು ವಿಶಾಲ ಮೈದಾನಕ್ಕೆ ಹಾಗೆಯೇ ಕೊಂಡೊಯ್ಯಲಾಗದು. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೈದಾನದ ನಕ್ಷೆ ಬರೆದು, ಉದ್ದಕ್ಕೆ ಮೂರು ಪಾಲು, ಅಡ್ಡಕ್ಕೆ ಮೂರು ಪಾಲು ಮಾಡಿಕೊಳ್ಳಿ. ಎರಡೂ ತುದಿಗಳಲ್ಲಿ ಪೆನಾಲ್ಟಿ ಬಾಕ್ಸನ್ನೂ ಅದರೊಳಗಿನ ಚಿಕ್ಕ ಗೋಲ್ ಬಾಕ್ಸನ್ನೂ ಸ್ಪಷ್ಟವಾಗಿ ಗುರುತಿಸಿ. ಒಂದು ಪುಟ 15 ನಿಮಿಷಗಳಿಗೆ ಎಂದು ಇಟ್ಟುಕೊಂಡರೆ ಗುರುತುಗಳು ಒಂದರ ಮೇಲೊಂದು ಬೀಳುವುದಿಲ್ಲ.

ಏನನ್ನು ಎಣಿಸಬೇಕು

ಹೊಸಬರು ಎಲ್ಲವನ್ನೂ ಎಣಿಸಲು ಹೊರಟು ಹತ್ತು ನಿಮಿಷದೊಳಗೆ ಸೋತು ಕೈಬಿಡುತ್ತಾರೆ. ಪ್ರತಿ ಪಾಸನ್ನೂ ಮೈದಾನದಲ್ಲಿ ಕುಳಿತು ಬರೆಯುವುದು ಅಸಾಧ್ಯ. ಅದನ್ನು ವಿಡಿಯೋಕ್ಕೆ ಬಿಡಬೇಕು. ಸ್ಥಳದಲ್ಲೇ ದಾಖಲಿಸಬೇಕಾದದ್ದು ಶಾಟ್‌ಗಳು, ಎದುರಾಳಿಯ ಪೆನಾಲ್ಟಿ ಬಾಕ್ಸ್‌ನೊಳಗೆ ಚೆಂಡು ಪ್ರವೇಶಿಸಿದ ಸಂದರ್ಭಗಳು, ಚೆಂಡನ್ನು ಕಸಿದುಕೊಂಡ ಜಾಗಗಳು ಮತ್ತು ಕಾರ್ನರ್, ಫ್ರೀಕಿಕ್‌ಗಳು. ಇವುಗಳಲ್ಲಿಯೂ ಶಾಟ್‌ಗಳ ದಾಖಲೆ ಅತ್ಯಂತ ವಿವರವಾಗಿರಬೇಕು: ಎಷ್ಟನೇ ನಿಮಿಷ, ಯಾವ ನಂಬರಿನ ಆಟಗಾರ, ನಕ್ಷೆಯಲ್ಲಿ ಯಾವ ಬಿಂದು, ಕಾಲಿನಿಂದಲೋ ತಲೆಯಿಂದಲೋ, ಗೋಲಿಗೂ ಚೆಂಡಿಗೂ ನಡುವೆ ಎಷ್ಟು ರಕ್ಷಣಾ ಆಟಗಾರರಿದ್ದರು, ಆ ಅವಕಾಶ ಹುಟ್ಟಿದ್ದು ಹೇಗೆ, ಕೊನೆಗೆ ಏನಾಯಿತು.

ಈ ಎಣಿಕೆಯ ಪರಂಪರೆಗೆ ಹಳೆಯ ಇತಿಹಾಸವಿದೆ, ಅದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಇಂಗ್ಲೆಂಡಿನ ವಾಯುಪಡೆಯ ಅಧಿಕಾರಿ ಚಾರ್ಲ್ಸ್ ರೀಪ್ 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ತಂಡದ ಪಂದ್ಯವೊಂದನ್ನು ನೋಡುತ್ತ ದಾಳಿಗಳನ್ನು ಪೆನ್ಸಿಲ್‌ನಿಂದ ದಾಖಲಿಸಲು ಆರಂಭಿಸಿದರು, ಮುಂದೆ ದಶಕಗಳ ಕಾಲ ಅದನ್ನು ಬಿಡಲಿಲ್ಲ. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ದಾಳಿಯಿಂದ ಬರುತ್ತವೆ ಎಂಬುದನ್ನು ಕಂಡು, ಚೆಂಡನ್ನು ಬೇಗನೆ ಉದ್ದಕ್ಕೆ ಹೊಡೆಯುವುದೇ ಲಾಭಕರ ಎಂದು ಅವರು ವಾದಿಸಿದರು. ಎಣಿಕೆ ಸರಿಯಾಗಿಯೇ ಇತ್ತು, ತೀರ್ಮಾನದಲ್ಲಿ ದೋಷವಿತ್ತು. ಫುಟ್‌ಬಾಲ್‌ನಲ್ಲಿ ಬಹುಪಾಲು ಆಟದ ತುಣುಕುಗಳೇ ಮೂರು ಪಾಸ್‌ಗಳೊಳಗೆ ಮುಗಿದುಹೋಗುತ್ತವೆ, ಹಾಗಾಗಿ ಗೋಲುಗಳೂ ಅಲ್ಲಿಯೇ ಹೆಚ್ಚಾಗಿ ಕಾಣುವುದು ಸಹಜ. ಯಾವ ಬಗೆಯ ದಾಳಿ ಎಷ್ಟು ಬಾರಿ ನಡೆಯಿತು ಎಂಬುದರಿಂದ ಭಾಗಿಸಿ ನೋಡಿದ ನಂತರದ ಸಂಶೋಧಕರಿಗೆ ಉದ್ದನೆಯ ಪಾಸ್ ಸರಣಿಗಳೇ ಹೆಚ್ಚು ಫಲಕಾರಿಯಾಗಿ ಕಂಡವು. ನಮ್ಮ ನೋಟ್‌ಬುಕ್ಕಿಗೂ ಇದೇ ಪಾಠ ಅನ್ವಯಿಸುತ್ತದೆ. ‘ಎಡಗಡೆಯಿಂದ ಎರಡು ಗೋಲು ಬಂದವು’ ಎಂದು ಬರೆದರೆ ಸಾಲದು, ಎಡಗಡೆಯಿಂದ ಎಷ್ಟು ದಾಳಿ ನಡೆಸಿದೆವು, ಬಲಗಡೆಯಿಂದ ಎಷ್ಟು, ಎಂಬುದೂ ಪಕ್ಕದಲ್ಲಿರಬೇಕು. ಎಷ್ಟರಲ್ಲಿ ಎಷ್ಟು ಎಂಬ ಉತ್ತರವಿಲ್ಲದ ಯಾವ ಸಂಖ್ಯೆಯನ್ನೂ ತಂಡದ ಮುಂದೆ ಇಡಬಾರದು.

ಶಾಟ್‌ಗಳನ್ನು ತೂಗುವುದು

ಮೂವತ್ತು ಮೀಟರ್ ದೂರದಿಂದ ಹೊಡೆದ ಚೆಂಡಿಗೂ ಗೋಲ್‌ಕೀಪರ್ ಒಬ್ಬನೇ ಎದುರಿರುವಾಗ ಆರು ಮೀಟರ್‌ನಿಂದ ಹೊಡೆದ ಚೆಂಡಿಗೂ ಒಂದೇ ಲೆಕ್ಕ ಹಾಕುವುದು ಸರಿಯಲ್ಲ ಎಂಬ ಸರಳ ತಿಳಿವಳಿಕೆಯೇ ‘ಎಕ್ಸ್‌ಜಿ’ ಅಥವಾ ನಿರೀಕ್ಷಿತ ಗೋಲು ಎಂಬ ಅಳತೆಯ ಮೂಲ. ಅಂಥದ್ದೇ ಜಾಗದಿಂದ, ಅಂಥದ್ದೇ ಸಂದರ್ಭದಲ್ಲಿ ಹಿಂದೆ ಹೊಡೆದ ಸಾವಿರಾರು ಶಾಟ್‌ಗಳಲ್ಲಿ ಎಷ್ಟು ಪಾಲು ಗೋಲಾದವು ಎಂಬುದೇ ಆ ಶಾಟ್‌ನ ಬೆಲೆ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಎಲ್ಲ ಶಾಟ್‌ಗಳನ್ನೂ ಸೇರಿಸಿದರೆ ಸುಮಾರು ಹತ್ತಕ್ಕೆ ಒಂದು ಗೋಲಾಗುತ್ತದೆ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರು ಅಥವಾ ತುಸು ಹೆಚ್ಚು ಗೋಲಾಗುತ್ತವೆ. ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಹೊಡೆದವುಗಳಲ್ಲಿ ಸುಮಾರು ಮೂವತ್ತಕ್ಕೆ ಒಂದು. ದೊಡ್ಡ ಸಂಸ್ಥೆಗಳು ಕೋನ, ಹೊಡೆದ ಕಾಲು, ಪಾಸಿನ ಬಗೆ, ರಕ್ಷಕರ ಸ್ಥಾನ ಎಲ್ಲವನ್ನೂ ಗಣನೆಗೆ ತೆಗೆದುಕೊಂಡು ಪ್ರತಿ ಶಾಟ್‌ಗೂ ಬೇರೆ ಬೆಲೆ ಕಟ್ಟುತ್ತವೆ. ನಮ್ಮ ಕೈಲೆಕ್ಕಕ್ಕೆ ನಾಲ್ಕು ದರ್ಜೆ ಸಾಕು: ಪೆನಾಲ್ಟಿಗೆ 0.76, ಗೋಲ್ ಬಾಕ್ಸ್‌ನ ಒಳಗಿನಿಂದ ಹೊಡೆದದ್ದಕ್ಕೆ 0.30, ಪೆನಾಲ್ಟಿ ಬಾಕ್ಸ್‌ನ ಉಳಿದ ಭಾಗಕ್ಕೆ 0.13, ಹೊರಗಿನಿಂದ ಹೊಡೆದದ್ದಕ್ಕೆ 0.03.

ಒಂದು ಕಾಲ್ಪನಿಕ ಪಂದ್ಯದಲ್ಲಿ ಇದನ್ನು ಪ್ರಯೋಗಿಸಿ ನೋಡೋಣ. ನಮ್ಮ ತಂಡ 2–0ರಿಂದ ಗೆದ್ದಿದೆ. ನಾವು ಹೊಡೆದದ್ದು ಹನ್ನೊಂದು ಶಾಟ್: ಒಂದು ಪೆನಾಲ್ಟಿ, ಗೋಲ್ ಬಾಕ್ಸ್‌ನೊಳಗಿನಿಂದ ಒಂದು, ಉಳಿದ ಒಂಬತ್ತೂ ಹೊರಗಿನಿಂದ. ಒಟ್ಟು ಬೆಲೆ 0.76, 0.30 ಮತ್ತು 0.27 ಸೇರಿ 1.33. ಸೋತ ಎದುರಾಳಿ ಹೊಡೆದದ್ದು ಎಂಟೇ, ಆದರೆ ಅವುಗಳಲ್ಲಿ ಎರಡು ಗೋಲ್ ಬಾಕ್ಸ್‌ನೊಳಗಿನಿಂದ, ಆರು ಪೆನಾಲ್ಟಿ ಬಾಕ್ಸ್‌ನಿಂದ. ಅವರ ಒಟ್ಟು ಬೆಲೆ 0.60 ಮತ್ತು 0.78 ಸೇರಿ 1.38. ಶಾಟ್‌ಗಳ ಸಂಖ್ಯೆಯಲ್ಲಿಯೂ ಗೋಲುಗಳಲ್ಲಿಯೂ ನಾವೇ ಮುಂದಿದ್ದೇವೆ, ಅವಕಾಶಗಳ ತೂಕದಲ್ಲಿ ಮಾತ್ರ ಎರಡೂ ತಂಡಗಳು ಸಮಸಮ. ಪೆನಾಲ್ಟಿಯನ್ನು ಬದಿಗಿಟ್ಟರೆ ನಮ್ಮದು 0.57ಕ್ಕೆ ಇಳಿಯುತ್ತದೆ, ಎದುರಾಳಿಯ ಅರ್ಧವೂ ಅಲ್ಲ. ಈ ಗೆಲುವಿನ ದೊಡ್ಡ ಪಾಲು ನಮ್ಮ ಗೋಲ್‌ಕೀಪರ್‌ಗೆ ಸಲ್ಲಬೇಕು. ರಕ್ಷಣಾ ವಿಭಾಗವು ಬಾಕ್ಸ್‌ನೊಳಗೆ ಅಷ್ಟು ಸಲ ಎದುರಾಳಿಗೆ ಜಾಗ ಬಿಟ್ಟುಕೊಟ್ಟದ್ದು ಏಕೆ ಎಂಬುದು ವಾರದ ಮೊದಲ ಅಭ್ಯಾಸದ ವಿಷಯವಾಗಬೇಕು. ಅಂಕಪಟ್ಟಿಯನ್ನಷ್ಟೇ ನೋಡಿದ್ದರೆ ಈ ಮಾತು ಹೊಳೆಯುತ್ತಲೇ ಇರಲಿಲ್ಲ.

ಈ ಬೆಲೆಗಳು ವೃತ್ತಿಪರ ಆಟದ ಸರಾಸರಿಗಳು ಎಂಬುದನ್ನು ಮರೆಯಬಾರದು. ಹದಿನಾರು ವರ್ಷದ ಗೋಲ್‌ಕೀಪರ್, ನೆನೆದು ಜಾರುವ ಚೆಂಡು, ಕೆಸರಿನಲ್ಲಿ ಹೂತ ಕಾಲು ಇವೆಲ್ಲ ಸೇರಿದಾಗ ದೂರದ ಶಾಟ್‌ನ ನಿಜವಾದ ಬೆಲೆ ನಮ್ಮಲ್ಲಿ ಇನ್ನಷ್ಟು ಹೆಚ್ಚಿರಬಹುದು. ಆದ್ದರಿಂದ 1.33 ಎಂಬುದನ್ನು ಸತ್ಯವಾಕ್ಯದಂತೆ ಹಿಡಿಯದೆ ಎರಡು ತಂಡಗಳನ್ನು, ಅಥವಾ ಒಂದೇ ತಂಡದ ಹಲವು ಪಂದ್ಯಗಳನ್ನು ಹೋಲಿಸುವ ಅಳತೆಗೋಲಾಗಿ ಮಾತ್ರ ಬಳಸಬೇಕು. ಒಂದು ಋತುವಿನ ಶಾಟ್‌ಗಳನ್ನು ಶ್ರದ್ಧೆಯಿಂದ ದಾಖಲಿಸಿದ ತಂಡವು ತನ್ನದೇ ಮೈದಾನದ, ತನ್ನದೇ ವಯೋಮಾನದ ಬೆಲೆಗಳನ್ನು ನಿಧಾನವಾಗಿ ಕಟ್ಟಿಕೊಳ್ಳಬಲ್ಲದು. ಆ ಪುಸ್ತಕಕ್ಕೆ ಇರುವ ಬೆಲೆ ಯಾವ ತಂತ್ರಾಂಶಕ್ಕೂ ಇಲ್ಲ.

ಗೋಲುಗಳ ನಡುವಿನ ಕಾಲವನ್ನು ಬೇರ್ಪಡಿಸುವುದು

ಒಟ್ಟು ಅಂಕಿಅಂಶಗಳು ಮೋಸ ಮಾಡುವ ಇನ್ನೊಂದು ದಾರಿಯಿದೆ, ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಕಡೆಗಣಿತವಾದದ್ದು. ಮುನ್ನಡೆಯಲ್ಲಿರುವ ತಂಡ ಒಂದು ರೀತಿ ಆಡುತ್ತದೆ, ಹಿಂದುಳಿದ ತಂಡ ಇನ್ನೊಂದು ರೀತಿ. 2014ರ ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ ಬ್ರೆಜಿಲನ್ನು 7–1ರಿಂದ ಸೋಲಿಸಿದ ಸೆಮಿಫೈನಲ್‌ನಲ್ಲಿ ಒಟ್ಟು ಶಾಟ್‌ಗಳ ಲೆಕ್ಕ ತೆಗೆದರೆ ಬ್ರೆಜಿಲ್‌ನದ್ದೇ ಹೆಚ್ಚು! ಆದರೆ 29ನೇ ನಿಮಿಷದ ಹೊತ್ತಿಗೇ ಜರ್ಮನಿ ಐದು ಗೋಲು ಹೊಡೆದಾಗಿತ್ತು. ಪಂದ್ಯ ತೀರ್ಮಾನವಾದ ಮೇಲೆ ಬ್ರೆಜಿಲ್ ಹೊಡೆದ ಶಾಟ್‌ಗಳನ್ನು ಅದಕ್ಕೆ ಮುಂಚಿನವುಗಳ ಜೊತೆ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ.

ಆದ್ದರಿಂದ ಪಂದ್ಯವನ್ನು ಅರ್ಧಗಳಾಗಿ ಮಾತ್ರವಲ್ಲದೆ ಅಂಕಸ್ಥಿತಿಯ ಪ್ರಕಾರವೂ ತುಂಡು ಮಾಡಬೇಕು. ನಮ್ಮ ರಾಜ್ಯದ ತಂಡದ ಒಂದು ದೊಡ್ಡ ಗೆಲುವನ್ನೇ ತೆಗೆದುಕೊಳ್ಳೋಣ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲುವು ಅದು. ಆರಂಭದ ನಿಮಿಷಗಳಲ್ಲೇ ಸುನಿಲ್ ಕುಮಾರ್ ಗೋಲಿನಿಂದ ಕರ್ನಾಟಕ ಮುಂದಾಯಿತು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಇಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಬೇಕಿ ಓರಾಂ ಮತ್ತೆ ಮುನ್ನಡೆ ತಂದುಕೊಟ್ಟರು. ಅರ್ಧವಿರಾಮಕ್ಕೆ ತುಸು ಮುನ್ನ ರಾಬಿನ್ ಯಾದವ್ ಅವರ ನೇರ ಫ್ರೀಕಿಕ್ ಗೋಲಾಗಿ ಅಂತರ 3–1 ಆಯಿತು, 60ನೇ ನಿಮಿಷದಲ್ಲಿ ಮೇಘಾಲಯ ಅದನ್ನು 3–2ಕ್ಕೆ ಇಳಿಸಿತು. ಇದನ್ನು ಕಾಲರೇಖೆಯ ಮೇಲೆ ಇಟ್ಟು ನೋಡಿದಾಗ ಪಂದ್ಯದ ಅಸ್ಥಿಪಂಜರ ಎದ್ದು ಕಾಣುತ್ತದೆ. ಎರಡೂ ತಂಡಗಳು ಸಮಸ್ಥಿತಿಯಲ್ಲಿ ಇದ್ದದ್ದು ಬಹಳ ಕಡಿಮೆ ಹೊತ್ತು. ಕರ್ನಾಟಕ ಒಮ್ಮೆಯೂ ಹಿಂದುಳಿಯಲಿಲ್ಲ. ಕೊನೆಯ ಸುಮಾರು ಮೂವತ್ತು ನಿಮಿಷ ಒಂದೇ ಗೋಲಿನ ಮುನ್ನಡೆಯನ್ನು ಅದು ಕಾಪಾಡಿಕೊಳ್ಳಬೇಕಾಯಿತು. ಅಂಥ ಪಂದ್ಯದಲ್ಲಿ ಮೊದಲ ಇಪ್ಪತ್ತು ನಿಮಿಷಗಳ ದಾಳಿಯೂ ಕೊನೆಯ ಮೂವತ್ತು ನಿಮಿಷಗಳ ರಕ್ಷಣೆಯೂ ಎರಡು ಬೇರೆ ಬೇರೆ ಸಾಮರ್ಥ್ಯಗಳು, ಎರಡಕ್ಕೂ ಪ್ರತ್ಯೇಕ ಪುಟ ಬೇಕು.

ನಿಮ್ಮ ನೋಟ್‌ಬುಕ್ಕಿನಲ್ಲಿಯೂ ಸಮಸ್ಥಿತಿ, ಮುನ್ನಡೆ, ಹಿನ್ನಡೆ ಎಂಬ ಮೂರು ಸ್ಥಿತಿಗಳಿಗೆ ಶಾಟ್‌ಗಳನ್ನೂ ಬಾಕ್ಸ್ ಪ್ರವೇಶಗಳನ್ನೂ ಬೇರೆ ಬೇರೆಯಾಗಿ ಕೂಡಿಸಿ, ಆಯಾ ಸ್ಥಿತಿ ಎಷ್ಟು ನಿಮಿಷ ಇತ್ತೋ ಅದರಿಂದ ಭಾಗಿಸಿ, ಹತ್ತು ನಿಮಿಷಕ್ಕೆ ಎಷ್ಟು ಎಂದು ಬರೆಯಿರಿ. ಶಾಲಾ ಪಂದ್ಯಗಳ ಅವಧಿ 90 ನಿಮಿಷಗಳಿಗಿಂತ ಕಡಿಮೆ ಇರುವುದರಿಂದ ಹೀಗೆ ಭಾಗಿಸಿದರೆ ಮಾತ್ರ ಬೇರೆ ಬೇರೆ ಪಂದ್ಯಗಳನ್ನು ಹೋಲಿಸಲು ಸಾಧ್ಯ. ಸಮಸ್ಥಿತಿಯ ಅಂಕಿಗಳಿಗೆ ಹೆಚ್ಚಿನ ಗೌರವ ಕೊಡಿ. ಎರಡೂ ತಂಡಗಳಿಗೆ ಗೋಲಿನ ಅಗತ್ಯ ಒಂದೇ ಪ್ರಮಾಣದಲ್ಲಿರುವಾಗ ಯಾರು ಮೇಲುಗೈ ಸಾಧಿಸಿದರು ಎಂಬುದನ್ನು ಅವು ಹೇಳುತ್ತವೆ.

ಚೆಂಡಿನ ಹಿಡಿತ ಮತ್ತು ಒತ್ತಡ

ಟಿವಿ ಪರದೆಯ ಮೇಲೆ ಮೊದಲು ಮೂಡುವುದು ಪೊಸೆಷನ್ ಶೇಕಡಾವಾರು, ನಮ್ಮ ಹುಡುಗರು ಮೊದಲು ಕೇಳುವುದೂ ಅದನ್ನೇ. ಅದೊಂದರಿಂದ ಗೆಲುವನ್ನು ವಿವರಿಸಲಾಗದು. 2022ರ ವಿಶ್ವಕಪ್‌ನ ಗುಂಪು ಹಂತದಲ್ಲಿ ಜಪಾನ್ ಆಡಿದ ಮೂರು ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಜರ್ಮನಿ ಮತ್ತು ಸ್ಪೇನ್‌ಗಳ ವಿರುದ್ಧ ಚೆಂಡು ಬಹುಪಾಲು ಎದುರಾಳಿಯ ಬಳಿಯೇ ಇತ್ತು, ಜಪಾನ್ ಎರಡನ್ನೂ 2–1ರಿಂದ ಗೆದ್ದಿತು. ಕೋಸ್ಟರಿಕಾ ವಿರುದ್ಧ ಹೆಚ್ಚು ಹೊತ್ತು ಚೆಂಡನ್ನು ಇಟ್ಟುಕೊಂಡದ್ದು ಜಪಾನೇ, ಆ ಪಂದ್ಯವನ್ನು 0–1ರಿಂದ ಸೋತಿತು. ಸ್ಪೇನ್ ವಿರುದ್ಧದ ಗೆಲುವಿನಲ್ಲಿ ಜಪಾನಿನ ಪೊಸೆಷನ್ ಶೇಕಡಾ 18ನ್ನೂ ಮುಟ್ಟಿರಲಿಲ್ಲ.

ಆ ಸ್ಪೇನ್ ಪಂದ್ಯವನ್ನು ಓದಬೇಕಾದ ರೀತಿ ಬೇರೆ. ಮೊದಲರ್ಧದಲ್ಲಿ ಜಪಾನ್ ಹಿಂದೆ ಸರಿದು ನಿಂತು ಒಂದು ಗೋಲಿನಿಂದ ಹಿಂದುಳಿದಿತ್ತು. ವಿರಾಮದಲ್ಲಿ ಡೋಆನ್ ಮತ್ತು ಮಿಟೋಮಾ ಅವರನ್ನು ಕಣಕ್ಕಿಳಿಸಿ, ದ್ವಿತೀಯಾರ್ಧ ಆರಂಭವಾದೊಡನೆ ಸ್ಪೇನಿನ ಗೋಲ್‌ಕೀಪರ್ ಮತ್ತು ರಕ್ಷಕರ ಮೇಲೆ ಒಮ್ಮೆಲೇ ಮುಗಿಬಿದ್ದಿತು. ಹಾಗೆ ಕಸಿದ ಚೆಂಡಿನಿಂದ 48ನೇ ನಿಮಿಷದಲ್ಲಿ ಡೋಆನ್ ಗೋಲು ಹೊಡೆದರು. 51ನೇ ನಿಮಿಷದಲ್ಲಿ ಟನಾಕಾ ಎರಡನೆಯದನ್ನು ಹೊಡೆದರು. ಆ ಮೇಲೆ ತಂಡ ಮತ್ತೆ ಹಿಂದಕ್ಕೆ ಸರಿದು ಉಳಿದ ಹೊತ್ತನ್ನೆಲ್ಲ ರಕ್ಷಣೆಯಲ್ಲಿ ಕಳೆಯಿತು. ಒತ್ತಡವನ್ನು ಪಂದ್ಯವಿಡೀ ಹಂಚದೆ ಆಯ್ದ ಕೆಲವು ನಿಮಿಷಗಳಲ್ಲಿ ಕೇಂದ್ರೀಕರಿಸಿದ್ದು ಅಲ್ಲಿಯ ತಂತ್ರ. ಇಡೀ ಪಂದ್ಯದ ಸರಾಸರಿಯಲ್ಲಿ ಅದು ಅಡಗಿಹೋಗುತ್ತದೆ, ಐದೈದು ನಿಮಿಷಗಳ ತುಣುಕುಗಳಲ್ಲಿ ಮಾತ್ರ ಕಾಣುತ್ತದೆ.

ಒತ್ತಡವನ್ನು ಅಳೆಯಲು ಪಿಪಿಡಿಎ ಎಂಬ ಸರಳ ಭಾಗಾಕಾರವಿದೆ. ಎದುರಾಳಿಯ ಗೋಲಿನ ಕಡೆಯಿಂದ ಮೈದಾನದ ಶೇಕಡಾ 60 ಭಾಗವನ್ನು ಗುರುತಿಸಿ, ಆ ಭಾಗದಲ್ಲಿ ಎದುರಾಳಿ ಆಡಿದ ಪಾಸ್‌ಗಳನ್ನು ಅಲ್ಲಿಯೇ ನಾವು ಮಾಡಿದ ಟ್ಯಾಕಲ್, ಪಾಸ್ ತಡೆ ಮತ್ತು ಫೌಲ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಅವರು 120 ಪಾಸ್ ಆಡಿ ನಾವು 12 ಬಾರಿ ತಡೆದಿದ್ದರೆ ಉತ್ತರ 10. ಅಂದರೆ ಹತ್ತು ಪಾಸ್‌ಗಳಿಗೊಮ್ಮೆ ನಾವು ಮಧ್ಯೆ ಬಂದಿದ್ದೇವೆ. ಸಂಖ್ಯೆ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. ಇದನ್ನು ವಿಡಿಯೋ ನೋಡುತ್ತಲೇ ಮಾಡಬೇಕು, ಹದಿನೈದು ನಿಮಿಷಕ್ಕೊಂದರಂತೆ ಬಿಡಿಸಿ ಬರೆಯಬೇಕು. ಅರವತ್ತನೇ ನಿಮಿಷದ ನಂತರ ಈ ಸಂಖ್ಯೆ ಏರುತ್ತಾ ಹೋದರೆ ಅದು ತಂಡದ ಯೋಜನೆಯೋ ಕಾಲುಗಳ ದಣಿವೋ ಎಂಬುದನ್ನು ತರಬೇತುದಾರರನ್ನೂ ಆಟಗಾರರನ್ನೂ ಕೇಳಿಯೇ ತಿಳಿಯಬೇಕು, ಏಕೆಂದರೆ ಅಂಕಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ತಂಡದ ಆಕಾರವನ್ನು ನೋಡಲು ವಿಡಿಯೋವನ್ನು ಕೆಲವು ನಿಗದಿತ ಕ್ಷಣಗಳಲ್ಲಿ ನಿಲ್ಲಿಸಬೇಕು: ನಮ್ಮ ಗೋಲ್‌ಕೀಪರ್ ಚೆಂಡು ಹಿಡಿದಾಗ, ನಾವು ಚೆಂಡು ಕಳೆದುಕೊಂಡ ಮೂರು ಸೆಕೆಂಡುಗಳ ನಂತರ, ಎದುರಾಳಿ ನಡುಗೆರೆ ದಾಟಿದಾಗ. ಪ್ರತಿ ಬಾರಿಯೂ ಕಟ್ಟಕಡೆಯ ರಕ್ಷಕನಿಗೂ ಮುಂಚೂಣಿಯ ಸ್ಟ್ರೈಕರ್‌ಗೂ ಎಷ್ಟು ಅಂತರವಿದೆ ಎಂಬುದನ್ನು ಅಂದಾಜು ಮಾಡಿ. ರಕ್ಷಣೆ, ನಡುಭಾಗ, ಮುಂಚೂಣಿಗಳಲ್ಲಿ ಎಷ್ಟೆಷ್ಟು ಮಂದಿ ಎಂದು ಹೇಳುವ 4–4–2, 4–3–3 ಎಂಬ ಹೆಸರುಗಳು ಆಟ ಶುರುವಾಗುವ ಮುನ್ನಿನ ಚಿತ್ರವನ್ನಷ್ಟೇ ಕೊಡುತ್ತವೆ. ಆಟ ಶುರುವಾದ ಮೇಲೆ ತಂಡ ಕುಗ್ಗುತ್ತದೆಯೋ ಹರಡುತ್ತದೆಯೋ ಎಂಬುದರಲ್ಲೇ ಗೆಲುವಿನ ಕಾರಣ ಸಿಗುವುದು ಹೆಚ್ಚು.

ಮಳೆ, ಕೆಸರು, ಮೈದಾನದ ಎರಡು ತುದಿಗಳು

ಜಂಬಿಟ್ಟಿಗೆ ಮಣ್ಣಿನ ನಮ್ಮ ಮೈದಾನಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವ ಆಟವನ್ನು ಬೇರೆಯದೇ ಲೆಕ್ಕದಲ್ಲಿ ನೋಡಬೇಕು. ನೆಲದ ಮೇಲಿನ ಪಾಸ್ ನೀರಿಗೆ ಸಿಕ್ಕಿ ಅರ್ಧದಾರಿಯಲ್ಲೇ ನಿಲ್ಲುತ್ತದೆ, ಎತ್ತರಕ್ಕೆ ಹೊಡೆದ ಚೆಂಡು ಪುಟಿಯದೆ ಬಿದ್ದಲ್ಲೇ ಕೂರುತ್ತದೆ, ಗೋಲ್‌ಕೀಪರ್ ಹಿಡಿದ ಚೆಂಡು ಜಾರುತ್ತದೆ. ಅಂಥ ದಿನ ಎತ್ತರದ ಚೆಂಡಿಗಾಗಿ ಇಬ್ಬರು ಹಾರಿದ ನಂತರ ಕೆಳಗೆ ಬೀಳುವ ಎರಡನೇ ಚೆಂಡು ಯಾರ ಪಾಲಾಯಿತು ಎಂಬ ಎಣಿಕೆ ಪಾಸ್‌ಗಳ ಎಣಿಕೆಗಿಂತ ಹೆಚ್ಚು ಹೇಳುತ್ತದೆ. ಗೋಲ್‌ಕೀಪರ್ ತಡೆದು ಮರಳಿಸಿದ ಚೆಂಡಿಗೆ ನಮ್ಮವರು ಎಷ್ಟು ಬಾರಿ ಮೊದಲು ತಲುಪಿದರು ಎಂಬುದನ್ನೂ ಬರೆದಿಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಇಳಿಜಾರಿನ ನೆಲದಲ್ಲಿ ಮಳೆನೀರು ಸಮವಾಗಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದು ಗೋಲಿನ ಮುಂದೆ ಕೆಸರು, ಇನ್ನೊಂದರ ಮುಂದೆ ಗಟ್ಟಿ ನೆಲ. ತಂಡಗಳು ಅರ್ಧವಿರಾಮದಲ್ಲಿ ತುದಿ ಬದಲಿಸುವುದರಿಂದ, ದ್ವಿತೀಯಾರ್ಧದಲ್ಲಿ ‘ಆಟ ಸುಧಾರಿಸಿತು’ ಎಂದು ಕಾಣುವುದು ಎಷ್ಟೋ ಸಲ ನೆಲದ ಕೊಡುಗೆಯಾಗಿರುತ್ತದೆ. ಪ್ರತಿ ಪುಟದ ತಲೆಗೆ ನಮ್ಮ ದಾಳಿಯ ದಿಕ್ಕನ್ನು ಬಾಣದ ಗುರುತಿನಿಂದ ಸೂಚಿಸಿ, ಒಂದೇ ತುದಿಯಲ್ಲಿ ಎರಡೂ ತಂಡಗಳು ತಂತಮ್ಮ ಸರದಿಯಲ್ಲಿ ಏನು ಮಾಡಿದವು ಎಂದು ಹೋಲಿಸಬೇಕು. ಕೆಸರಿನ ತುದಿಯಲ್ಲಿ ನಾವು ನಾಲ್ಕು ಶಾಟ್ ಹೊಡೆದು ಎದುರಾಳಿ ಅಲ್ಲಿಯೇ ಒಂದು ಹೊಡೆದಿದ್ದರೆ, ಆ ವ್ಯತ್ಯಾಸವನ್ನು ನೆಲದ ಮೇಲೆ ಹಾಕುವಂತಿಲ್ಲ, ಅದು ಆಟಗಾರರ ಗಳಿಕೆ.

ಕಾರ್ನರ್ ಮತ್ತು ಫ್ರೀಕಿಕ್‌ಗಳ ಬಗ್ಗೆ ಎರಡು ಮಾತು. ವೃತ್ತಿಪರ ಆಟದಲ್ಲಿ ನೂರು ಕಾರ್ನರ್‌ಗಳಿಂದ ಮೂರು ನಾಲ್ಕು ಗೋಲುಗಳು ಬಂದರೆ ಹೆಚ್ಚು. ಆದರೂ ಬಿಗಿಯಾದ ಪಂದ್ಯಗಳು ಅವುಗಳಿಂದಲೇ ತೀರ್ಮಾನವಾಗುತ್ತವೆ: 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ರಶಸ್ತಿ ಗೆದ್ದದ್ದು, ಹೆಚ್ಚುವರಿ ಅವಧಿಯ ಕೊನೆಯ ಭಾಗದಲ್ಲಿ ಕಾರ್ನರ್‌ಗೆ ತಲೆಕೊಟ್ಟ ರಾಹುಲ್ ಭೇಕೆ ಅವರ ಒಂದೇ ಗೋಲಿನಿಂದ. ಹೀಗೆ ಗೆದ್ದಾಗ ಗೋಲಾದ ಕಾರ್ನರ್ ಒಂದನ್ನೇ ನೋಡದೆ ಆ ದಿನದ ಎಲ್ಲ ಕಾರ್ನರ್‌ಗಳನ್ನೂ ನೋಡಬೇಕು. ಎಷ್ಟರಲ್ಲಿ ಮೊದಲ ಸ್ಪರ್ಶ ನಮ್ಮದಾಯಿತು? ಅಭ್ಯಾಸದಲ್ಲಿ ಹೇಳಿಕೊಟ್ಟ ಓಟಗಳನ್ನು ಆಟಗಾರರು ಎಷ್ಟು ಬಾರಿ ಓಡಿದರು? ಹತ್ತರಲ್ಲಿ ಆರು ಬಾರಿ ಮೊದಲ ಸ್ಪರ್ಶ ಸಿಕ್ಕಿದ್ದರೆ, ಗೋಲು ಬರಲಿ ಬಿಡಲಿ, ಆ ಅಭ್ಯಾಸ ಫಲಿಸುತ್ತಿದೆ.

ತಂಡದ ಮುಂದೆ ಇಡುವುದು

ಸಂಖ್ಯೆಗಳನ್ನು ತೋರಿಸುವ ಮುನ್ನ ಆಟಗಾರರ ಮಾತನ್ನು ಕೇಳಬೇಕು. ‘ಯಾವ ಹೊತ್ತಿನಲ್ಲಿ ಪಂದ್ಯ ನಮ್ಮ ಕೈಯಲ್ಲಿದೆ ಅನ್ನಿಸಿತು, ಯಾವಾಗ ಜಾರಿತು ಅನ್ನಿಸಿತು?’ ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು, ಆಮೇಲೆ ಅಂಕಿಗಳ ಜೊತೆ ಹೋಲಿಸಬೇಕು. ಪಟ್ಟಿಯನ್ನು ಮೊದಲೇ ತೋರಿಸಿದರೆ ಕಿರಿಯರು ‘ಹೌದು ಸರ್’ ಎನ್ನುತ್ತಾರೆಯೇ ಹೊರತು ತಾವು ಕಂಡದ್ದನ್ನು ಹೇಳುವುದಿಲ್ಲ. ಮೈದಾನದ ಒಳಗಿದ್ದವರಿಗೆ ಹೊರಗಿನ ಮೊಬೈಲಿಗೆ ಕಾಣದ ಎಷ್ಟೋ ವಿಷಯಗಳು ಗೊತ್ತಿರುತ್ತವೆ. ಎದುರಾಳಿಯ ಬಲಬದಿಯ ರಕ್ಷಕ ಕುಂಟುತ್ತಿದ್ದ ಎಂಬಂಥ ಒಂದು ಮಾತು ಇಡೀ ಪುಟದ ಬಾಣಗಳಿಗೆ ಕಾರಣ ಒದಗಿಸಬಹುದು. ಒಬ್ಬ ಆಟಗಾರನ ತಪ್ಪು ಪಾಸ್‌ಗಳ ಸಂಖ್ಯೆಯನ್ನು ಎಲ್ಲರೆದುರು ಓದಬಾರದು. ಅಪಾಯದ ಜಾಗಕ್ಕೆ ಚೆಂಡು ಕಳಿಸಲು ಧೈರ್ಯ ಮಾಡುವವನ ಪಾಸ್‌ಗಳೇ ಹೆಚ್ಚು ತಪ್ಪುತ್ತವೆ, ಆ ಧೈರ್ಯವನ್ನು ಅಂಕಿ ಹಿಡಿದು ಕೊಲ್ಲುವುದು ತಂಡಕ್ಕೇ ನಷ್ಟ.

ಕೊನೆಯಲ್ಲಿ ತರಬೇತುದಾರರ ಕೈಗೆ ಕೊಡಬೇಕಾದದ್ದು ಒಂದೇ ಹಾಳೆ. ಮೇಲೆ ಕಾಲರೇಖೆ ಮತ್ತು ಶಾಟ್‌ಗಳ ನಕ್ಷೆ. ಕೆಳಗೆ ಎರಡು ಅಂಕಣ. ಎಡಗಡೆ, ಮುಂದೆಯೂ ಮರುಕಳಿಸಬಹುದಾದ ಕಾರಣಗಳು, ಪ್ರತಿಯೊಂದರ ಎದುರು ಅದನ್ನು ಸಮರ್ಥಿಸುವ ಎಣಿಕೆ ಮತ್ತು ವಿಡಿಯೋದ ನಿಮಿಷ. ಬಲಗಡೆ, ಈ ದಿನಕ್ಕೆ ಮಾತ್ರ ಒದಗಿದವು: ಎದುರಾಳಿಯ ಗೋಲ್‌ಕೀಪರ್ ಜಾರಿದ್ದು, ಅವರ ಮುಖ್ಯ ಆಟಗಾರ ಇಲ್ಲದಿದ್ದದ್ದು, ದೂರದ ಶಾಟ್ ಕಂಬಕ್ಕೆ ತಾಗಿ ಒಳಗೆ ಹೋದದ್ದು. ಯಾವ ಅಂಕಣಕ್ಕೆ ಸೇರಿಸಬೇಕೆಂದು ಹೊಳೆಯದ ಸಂಗತಿಯನ್ನು ಬಲಗಡೆಗೇ ಹಾಕಿ. ಇನ್ನೂ ನಾಲ್ಕೈದು ಪಂದ್ಯಗಳಲ್ಲಿ ಅದು ಮತ್ತೆ ಕಂಡರೆ ಎಡಗಡೆಗೆ ತರಬಹುದು. ಹಾಳೆಯ ಅಡಿಯಲ್ಲಿ ಮುಂದಿನ ಪಂದ್ಯದಲ್ಲಿ ಏನು ಕಾಣಬೇಕು ಎಂಬುದನ್ನು ಅಳೆಯಬಹುದಾದ ಮಾತಿನಲ್ಲಿ ಬರೆದು ದಿನಾಂಕ ಹಾಕಿ: ‘ಸಮಸ್ಥಿತಿಯಲ್ಲಿ ಹತ್ತು ನಿಮಿಷಕ್ಕೆ ಎರಡು ಬಾಕ್ಸ್ ಪ್ರವೇಶಕ್ಕಿಂತ ಕಡಿಮೆಯಾಗಬಾರದು’ ಎಂಬಂತೆ. ಮುಂದಿನ ಪಂದ್ಯ ಮುಗಿದ ಸಂಜೆ ಹೊಸ ಹಾಳೆ ಬರೆಯಲು ಕೂರುವ ಮುನ್ನ ಈ ಹಳೆಯ ಹಾಳೆಯನ್ನು ತೆರೆದು, ಎಡ ಅಂಕಣದ ಪ್ರತಿಯೊಂದು ಸಾಲಿನ ಮುಂದೆ ಅದು ಉಳಿಯಿತೋ ಬಿದ್ದುಹೋಯಿತೋ ಎಂದು ಗುರುತು ಹಾಕಿರಿ.